ಹಿಡುವಳಿ ಜಮೀನು ಮತ್ತು ವನ್ಯಜೀವಿ ಸಂರಕ್ಷಣೆ: ಗೋಪಾಲಸ್ವಾಮಿ ಬೆಟ್ಟದ ಸೀಮೆ

ಕಾಡಂಚಿನ ಹಿಡುವಳಿ ಜಮೀನನ್ನು ಕೊಂಡು, ಇಲ್ಲವೇ ಅದರ ಬಳಕೆಗೆ ಮಿತಿ ಹಾಕಿ ವನ್ಯಜೀವಿಗಳಿಗೆ ನೆಲೆ ಒದಗಿಸುವ ಕ್ರಮ ಚಾಮರಾಜನಗರ ಜಿಲ್ಲೆಯಲ್ಲಿ ಈಚಿನದು. ಅದಕ್ಕೂ ಮೊದಲು ಇಲ್ಲಿನ ಸಂರಕ್ಷಿತ ಅರಣ್ಯ ಹಿಗ್ಗಿದ್ದು ಮುಖ್ಯವಾಗಿ ಅರಸರ ಮತ್ತು ಸರ್ಕಾರದ ಆಜ್ಞೆಗಳಿಂದ.

ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟ (1454 ಮೀ.) ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದೊಳಗಿದೆ. ಮೈಸೂರು ಅರಸರು 1931ರಲ್ಲಿ ಬಂಡೀಪುರದ ಸುಮಾರು 90 ಚದರ ಕಿ.ಮೀ. ಕಾಡನ್ನು ಅಭಯಾರಣ್ಯವಾಗಿಸಿದರು. ಮುಂದೆ 1941ರಲ್ಲಿ ರೂಪುಗೊಂಡ ವೇಣುಗೋಪಾಲ ವನ್ಯಜೀವಿ ಉದ್ಯಾನಕ್ಕೆ ಬೆಟ್ಟದ ದೇವರ ಹೆಸರನ್ನೇ ಇಡಲಾಯಿತು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ಮೊದಲ ಒಂಬತ್ತು ಪ್ರದೇಶಗಳಲ್ಲಿ ಬಂಡೀಪುರವೂ ಒಂದು. ಇಂದು ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 870 ಚದರ ಕಿ.ಮೀ. ದಾಟಿದೆ.

ನಕ್ಷೆಯಲ್ಲಿ ಕಾಡಿನ ಗಡಿ ಸ್ಪಷ್ಟ. ಆನೆಗೆ ಆ ಗಡಿ ಲೆಕ್ಕಕ್ಕಿಲ್ಲ. ಬೆಟ್ಟದ ಬುಡದಲ್ಲಿ ಹಂಗಳದ ಸುತ್ತಮುತ್ತ ಚೆಂಡುಹೂ, ಅರಿಶಿನ, ಬಾಳೆ, ಜೋಳದ ಹೊಲಗಳು ಅರಣ್ಯಕ್ಕೆ ತಾಗಿಕೊಂಡೇ ಇವೆ. ಆನೆ ಕಂದಕ, ಸೋಲಾರ್ ಬೇಲಿ, ಹಳೆಯ ರೈಲು ಹಳಿಗಳ ಬೇಲಿ ಎಲ್ಲವೂ ಬಳಕೆಗೆ ಬಂದಿವೆ. ಕಣಿಯನಪುರದ ಬಳಿ ಸಮಸ್ಯೆ ಇನ್ನೂ ಬಿಗಿ: ದಕ್ಷಿಣಕ್ಕೆ ಮೋಯಾರ್ ನದಿಯ ಆಳ ಕಮರಿ, ಉತ್ತರಕ್ಕೆ ಊರು, ಹೊಲ. ಇವೆರಡರ ನಡುವಿನ ಕಿರಿದಾದ ಕಾಡುಪಟ್ಟಿಯೇ ಆನೆಗಳ ದಾರಿ.

ಇಂಥ ದಾರಿಗಾಗಿ ರೈತರಿಂದ ಜಮೀನು ಕೊಂಡ ಸ್ಪಷ್ಟ ನಿದರ್ಶನ ಇದೇ ಜಿಲ್ಲೆಯ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಕಾರಿಡಾರ್. ಬಿಳಿಗಿರಿರಂಗನ ಬೆಟ್ಟದ ಕಾಡನ್ನು ಮಲೆ ಮಹದೇಶ್ವರ ಬೆಟ್ಟದ ಕಾಡಿಗೆ ಜೋಡಿಸುವ ಈ ಪಟ್ಟಿಯಲ್ಲಿ 2000ದ ದಶಕದಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಮತ್ತು ಪ್ರಾಣಿ ಕಲ್ಯಾಣದ ಅಂತರರಾಷ್ಟ್ರೀಯ ಸಂಸ್ಥೆ ಐಎಫ್‌ಎಡಬ್ಲ್ಯೂ ಸೇರಿ 25.5 ಎಕರೆ ಹಿಡುವಳಿ ಜಮೀನು ಖರೀದಿಸಿ ಅರಣ್ಯ ಇಲಾಖೆಗೆ ಒಪ್ಪಿಸಿದವು. ವಿಸ್ತೀರ್ಣ ಅಲ್ಪ, ಆದರೆ ಇರುವ ಜಾಗದಿಂದಾಗಿ ಅದರ ಬೆಲೆ ದೊಡ್ಡದು: ಪಶ್ಚಿಮ ಘಟ್ಟದ ಕಡೆಯ ಆನೆಗಳು ಪೂರ್ವ ಘಟ್ಟದ ಕಾಡು ಸೇರುವ ಹಾದಿ ಇದು.

ಖರೀದಿ ಹೇಳಿದಷ್ಟು ಸಲೀಸಲ್ಲ. ಹಳ್ಳಿಗಳಲ್ಲಿ ಎಷ್ಟೋ ಪಹಣಿಗಳು ಇನ್ನೂ ತಾತನ ಹೆಸರಿನಲ್ಲೇ ಇರುತ್ತವೆ. ಪೌತಿ ಖಾತೆಯಾಗಿ, ಅಣ್ಣತಮ್ಮಂದಿರೆಲ್ಲ ಸಹಿ ಹಾಕದೆ ನೋಂದಣಿ ಮುಂದೆ ಸಾಗುವುದಿಲ್ಲ. ಅದರ ಮೇಲೆ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ (1961) 79ಬಿ ಪ್ರಕರಣ ಸಂಘಸಂಸ್ಥೆಗಳು, ಕಂಪನಿಗಳು ಕೃಷಿ ಜಮೀನು ಹೊಂದುವುದನ್ನು ನಿರ್ಬಂಧಿಸಿತ್ತು. 2020ರ ತಿದ್ದುಪಡಿ ಈ ಪ್ರಕರಣವನ್ನು ಕೈಬಿಟ್ಟಿತು. ಇದರಿಂದ ಸಂರಕ್ಷಣೆಗೆಂದು ಕೊಳ್ಳುವವರಿಗೆ ದಾರಿ ಸುಗಮವಾಯಿತು ಎನ್ನಬಹುದು. ರೆಸಾರ್ಟ್ ಕಟ್ಟಲು ಬರುವವರಿಗೂ ಅಷ್ಟೇ ಸುಗಮವಾಯಿತೆಂಬುದನ್ನು ಮರೆಯುವಂತಿಲ್ಲ.

ಮಾಲೀಕತ್ವ ಬದಲಾಗದೆ ಕಾಪಾಡುವ ಹಾದಿಯೂ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ (1972) 2002ರಲ್ಲಿ ತಂದ ತಿದ್ದುಪಡಿ, ಖಾಸಗಿ ಅಥವಾ ಸಮುದಾಯದ ಭೂಮಿಯನ್ನು ಒಡೆಯರ ಒಪ್ಪಿಗೆಯಿಂದ ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲು ಅವಕಾಶ ಕೊಟ್ಟಿತು. ಊರೊಳಗಿನ ಮರಗಳಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಈ ಬಗೆಯದು. ಇದಕ್ಕಿಂತ ಭಿನ್ನವಾಗಿ, ಕೊಡಗಿನಲ್ಲಿ ದಂಪತಿಯೊಬ್ಬರು 1991ರಿಂದ ಜಮೀನು ಕೊಳ್ಳುತ್ತ ಬಂದು ಸುಮಾರು 300 ಎಕರೆಯನ್ನು ಕಾಡಾಗಿ ಬಿಟ್ಟ ಸಾಯಿ ಅಭಯಾರಣ್ಯ ಪೂರ್ತಿ ಖಾಸಗಿ ಪ್ರಯತ್ನ.

ಗೋಪಾಲಸ್ವಾಮಿ ಬೆಟ್ಟದ ಸುತ್ತ ಸರ್ಕಾರ ನೆಚ್ಚಿಕೊಂಡಿರುವುದು ಖರೀದಿಗಿಂತ ನಿಯಂತ್ರಣವನ್ನು. 2012ರ ಅಕ್ಟೋಬರ್‌ನಲ್ಲಿ ಬಂಡೀಪುರದ ಸುತ್ತಲಿನ 123 ಹಳ್ಳಿಗಳು ಪರಿಸರ ಸೂಕ್ಷ್ಮ ವಲಯಕ್ಕೆ ಸೇರಿದವು. ಅಲ್ಲಿ ಗಣಿಗಾರಿಕೆಗೆ ನಿಷೇಧವಿದೆ, ಹೊಸ ಹೋಟೆಲ್, ರೆಸಾರ್ಟ್‌ಗಳಿಗೆ ಕಟ್ಟುಪಾಡುಗಳಿವೆ. ಬೇಸಾಯಕ್ಕೆ ಅಡ್ಡಿಯಿಲ್ಲ, ಪಹಣಿಯಲ್ಲಿ ರೈತನ ಹೆಸರೇ ಮುಂದುವರಿಯುತ್ತದೆ, ಆನೆ ತುಳಿದ ಬೆಳೆಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ.