ಗ್ರೌಟ್‌ವಿಲ್: 58 ವರ್ಷ ಕಾದ ಸತ್ಯ

ದಕ್ಷಿಣ ಆಫ್ರಿಕದ ಡರ್ಬನ್ ನಗರದ ಉತ್ತರಕ್ಕೆ, ಕಬ್ಬಿನ ಗದ್ದೆಗಳ ನಾಡಿನಲ್ಲಿ ಗ್ರೌಟ್‌ವಿಲ್ ಎಂಬ ಝುಲು ಭಾಷಿಕರ ಪುಟ್ಟ ಊರಿದೆ. ಹೆಸರು ಅಮೆರಿಕದ ಮಿಶನರಿಯೊಬ್ಬನದು. ಆದರೆ ನಾವು ಅದನ್ನು ನೆನೆಯಬೇಕಾದುದು ಆಲ್ಬರ್ಟ್ ಲುಥುಲಿಯವರಿಗಾಗಿ.

ಶಿಕ್ಷಕರಾಗಿದ್ದ ಲುಥುಲಿ 1936ರಲ್ಲಿ ಇಲ್ಲಿನ ಬುಡಕಟ್ಟಿನ ಮುಖ್ಯಸ್ಥರಾದರು. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ತೊರೆಯಲು ಒಪ್ಪದ ಅವರನ್ನು 1952ರಲ್ಲಿ ಬಿಳಿಯರ ಸರಕಾರ ವಜಾ ಮಾಡಿತು. 1960ರ ಸಾಲಿನ ನೊಬೆಲ್ ಶಾಂತಿ ಪ್ರಶಸ್ತಿ ಬಂದ ಮೇಲೂ ಊರಿನ ಸುತ್ತಲೇ ದಿಗ್ಬಂಧನ ಮುಂದುವರಿಯಿತು. 1967ರ ಜುಲೈ 21ರಂದು ಅವರು ತೀರಿಕೊಂಡರು. ರೈಲು ಬಡಿದ ಅಪಘಾತ ಎಂದಿತು ಅಂದಿನ ವಿಚಾರಣೆ. ಕುಟುಂಬ ನಂಬಲಿಲ್ಲ. ಪೊಲೀಸರ ಹಲ್ಲೆಯೇ ಸಾವಿಗೆ ಕಾರಣವೆಂದು 2025ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ತೀರ್ಪಿತ್ತಿತು.

ಅಧಿಕಾರದ ಕಡತವೇ ಇತಿಹಾಸವಲ್ಲ. ಅದನ್ನು ತಿದ್ದಲು ನೊಂದವರ ನೆನಪು ಬದುಕಿರಬೇಕು.