ಅಮೆರಿಕದ ರಕ್ಷಣಾ ಕಾಯ್ದೆ ಮತ್ತು ಉತ್ತರ ಸಿಗದ ಒಂದು ಪ್ರಶ್ನೆ

ಆರೋಪಪಟ್ಟಿ ಇಲ್ಲದೆ, ವಿಚಾರಣೆ ಇಲ್ಲದೆ, ತನ್ನದೇ ಪ್ರಜೆಯನ್ನು ಎಷ್ಟು ಕಾಲ ಬೇಕಾದರೂ ಸೇನೆಯ ಜೈಲಿನಲ್ಲಿ ಇಡಲು ಅಮೆರಿಕದ ಕಾನೂನು ಒಪ್ಪುತ್ತದೆಯೆ? 2011ರ ಡಿಸೆಂಬರ್ 31ರಂದು ಒಬಾಮ ಸಹಿ ಹಾಕಿದ ರಕ್ಷಣಾ ಕಾಯ್ದೆಯ 1021ನೇ ಸೆಕ್ಷನ್ ಬಗ್ಗೆ ಎದ್ದ ಗಲಾಟೆ ಇದೇ. ಕೆಲವರು ಹೌದು ಅಂದರು, ಕೆಲವರು ಖಂಡಿತಾ ಇಲ್ಲ ಅಂದರು. ನನಗನ್ನಿಸುವಂತೆ ಇಬ್ಬರೂ ಪೂರ್ತಿ ಸರಿಯಲ್ಲ. ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎರಡನೇ ಮಹಾಯುದ್ಧದಲ್ಲಿ, 1942ರಿಂದ, ಜಪಾನೀ ಮೂಲದ ಸುಮಾರು 1,20,000 ಜನರನ್ನು ಮನೆಗಳಿಂದ ಎಬ್ಬಿಸಿ ಶಿಬಿರಗಳಿಗೆ ಅಟ್ಟಿದರು. ಅವರಲ್ಲಿ ಮೂರನೇ ಎರಡರಷ್ಟು ಮಂದಿ ಅಮೆರಿಕದ ಪ್ರಜೆಗಳೇ! ಅಂಥದ್ದು ಮತ್ತೆ ಆಗಬಾರದೆಂದು 1971ರಲ್ಲಿ ಅಲ್ಲಿನ ಸಂಸತ್ತು ಒಂದು ಚಿಕ್ಕ ಕಾನೂನು ಮಾಡಿತು: ಸಂಸತ್ತಿನ ಕಾಯ್ದೆಯ ಆಧಾರವಿಲ್ಲದೆ ಯಾವ ಪ್ರಜೆಯನ್ನೂ ಬಂಧನದಲ್ಲಿ ಇಡುವಂತಿಲ್ಲ.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ, ದಾಳಿಕೋರರ ಮೇಲೆ ಸೇನಾಬಲ ಬಳಸಲು ಸಂಸತ್ತು ಅಧ್ಯಕ್ಷರಿಗೆ ಅಧಿಕಾರ ಕೊಟ್ಟಿತು. ಅದರಲ್ಲಿ ಬಂಧನ ಅನ್ನುವ ಪದವೇ ಇಲ್ಲ. ಆದರೂ 2004ರ ಹಮ್ದಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಅಫ್ಘಾನಿಸ್ತಾನದ ಯುದ್ಧಭೂಮಿಯಲ್ಲಿ ಸಿಕ್ಕ ಪ್ರಜೆಯನ್ನು ಈ ಅಧಿಕಾರದಡಿ ಹಿಡಿದಿಡಬಹುದು ಅಂದಿತು. ಆದರೆ ತಾನು ಶತ್ರುವಲ್ಲ ಎಂದು ನಿಷ್ಪಕ್ಷಪಾತಿಗಳ ಮುಂದೆ ವಾದಿಸಲು ಅವನಿಗೆ ಅವಕಾಶ ಕೊಡಲೇಬೇಕು ಎಂದೂ ಹೇಳಿತು.

ಸರಿ, ಅಮೆರಿಕದ ನೆಲದಲ್ಲೇ ಸಿಕ್ಕವನ ಕಥೆ? ಹೋಸೆ ಪಡೀಯಾ ಎಂಬ ಪ್ರಜೆಯನ್ನು 2002ರ ಮೇ ತಿಂಗಳಲ್ಲಿ ಶಿಕಾಗೊ ವಿಮಾನ ನಿಲ್ದಾಣದಲ್ಲಿ ಹಿಡಿದರು. ಮರುತಿಂಗಳು ಬುಷ್ ಅವನನ್ನು ಶತ್ರು ಯೋಧ ಎಂದು ಘೋಷಿಸಿ ದಕ್ಷಿಣ ಕೆರೊಲಿನಾದ ನೌಕಾಪಡೆಯ ಜೈಲಿಗೆ ಕಳಿಸಿದರು. ಅಲ್ಲಿ ಮೂರೂವರೆ ವರ್ಷ! ಮೊದಲ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ವಕೀಲರ ಮುಖವನ್ನೂ ನೋಡಲು ಬಿಡಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟು, ಅರ್ಜಿ ಹಾಕಿದ ಕೋರ್ಟು ಸರಿಯಿಲ್ಲ ಅಂತ ವಾಪಸ್ ಕಳಿಸಿತು. ಪ್ರಕರಣ ಮತ್ತೆ ಅದೇ ಬಾಗಿಲಿಗೆ ಬರುವ ಹೊತ್ತಿಗೆ ಸರಕಾರ ಅವನನ್ನು ಮಾಮೂಲಿ ಕೋರ್ಟಿಗೆ ವರ್ಗಾಯಿಸಿಬಿಟ್ಟಿತು. 2007ರಲ್ಲಿ ಅಲ್ಲಿ ಅವನ ಅಪರಾಧ ಸಾಬೀತಾಯಿತು. ಆದರೆ ಮೂರೂವರೆ ವರ್ಷದ ಆ ಬಂಧನ ಕಾನೂನುಬದ್ಧವೇ ಅನ್ನುವುದನ್ನು ಸುಪ್ರೀಂ ಕೋರ್ಟು ತೀರ್ಮಾನಿಸಲೇ ಇಲ್ಲ.

ಈಗ 1021ನೇ ಸೆಕ್ಷನ್‌ಗೆ ಬನ್ನಿ. ಪ್ರಜೆಗಳನ್ನು ಇದರಿಂದ ಹೊರಗಿಡಿ ಅನ್ನುವ ತಿದ್ದುಪಡಿ ಸೆನೆಟ್‌ನಲ್ಲಿ ಬಿದ್ದುಹೋಯಿತು. ಬದಲಿಗೆ, ಪ್ರಜೆಗಳ ಬಂಧನದ ಬಗ್ಗೆ ಈಗಿರುವ ಕಾನೂನು ಹೇಗಿದೆಯೋ ಹಾಗೇ ಇರಲಿ ಅನ್ನುವ ವಾಕ್ಯ 99-1 ಮತಗಳಿಂದ ಪಾಸಾಯಿತು. ನಮ್ಮ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೇಳುವುದಾದರೆ, "ಹಳೆಯ ಕೋಡ್ ಹೇಳಿದಂತೆ ಮಾಡು" ಅಂತ ಬರೆದಿದ್ದಾರೆ, ಆದರೆ ಹಳೆಯ ಕೋಡ್‌ನಲ್ಲಿ ಆ ಜಾಗ ಖಾಲಿ!

ಪ್ರಜೆಗಳನ್ನು ಹೀಗೆ ಬಂಧಿಸುವುದಿಲ್ಲ ಎಂದು ಒಬಾಮ ಸಹಿ ಹಾಕುವಾಗ ಹೇಳಿದರು. ಆದರೆ ಅದು ಅವರ ಸರಕಾರದ ಮಾತು, ಮುಂದಿನವರನ್ನು ಕಟ್ಟಿಹಾಕುವ ಕಾನೂನಲ್ಲ. ಪತ್ರಕರ್ತ ಕ್ರಿಸ್ ಹೆಡ್ಜಸ್ ಮತ್ತಿತರರು ಕೋರ್ಟಿಗೆ ಹೋದಾಗ 2012ರಲ್ಲಿ ನ್ಯಾಯಾಧೀಶೆ ಕ್ಯಾಥರೀನ್ ಫಾರೆಸ್ಟ್ ತಡೆಯಾಜ್ಞೆ ಕೊಟ್ಟರು. 2013ರಲ್ಲಿ ಮೇಲಿನ ಕೋರ್ಟು, ಪ್ರಜೆಗಳ ಬಗ್ಗೆ ಈ ಸೆಕ್ಷನ್ ಏನೂ ಹೇಳುವುದೇ ಇಲ್ಲ, ಹಾಗಾಗಿ ಪ್ರಜೆಗಳಿಗೆ ದಾವೆ ಹೂಡುವ ಹಕ್ಕೂ ಇಲ್ಲ ಅಂತ ಅದನ್ನು ರದ್ದು ಮಾಡಿತು. 2014ರಲ್ಲಿ ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ.

ಹಾಗಾಗಿ ಈ ಕಾಯ್ದೆ ಹೊಸ ಅಧಿಕಾರ ಕೊಟ್ಟಿತು ಅನ್ನುವುದಕ್ಕಿಂತ, ಹಳೆಯ ಅನುಮಾನವನ್ನು ಜೋಪಾನವಾಗಿ ಕಾಪಾಡಿತು ಅನ್ನಬಹುದು. ಹೀಗೆ ಬಿಟ್ಟ ಅನುಮಾನದ ಲಾಭ ಯಾವಾಗಲೂ ಬೀಗದ ಕೈ ಹಿಡಿದವನಿಗೇ, ಒಳಗಿರುವವನಿಗಲ್ಲ. ನೀವೇನಂತೀರಿ?