ಹೋಗಿ ಬನ್ನಿ, ಮಕ್ಕಳೇ

ಕಳೆದ ತಿಂಗಳು ಭಾನುವಾರದ ತರಗತಿಯಲ್ಲಿ ಈ ಸಮಾರಂಭದ ತಯಾರಿ ನಡೆಯುತ್ತಿದ್ದಾಗ ನನ್ನ ಮಗ ಕೇಳಿದ: "ಅಮ್ಮಾ, ಗ್ರಾಜುಯೇಷನ್‌ಗೆ ಕನ್ನಡದಲ್ಲಿ ಏನಂತಾರೆ?" ಇಷ್ಟು ವರ್ಷ ಇಲ್ಲಿ ಕನ್ನಡ ಕಲಿಸಿದ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆಮೇಲೆ ಹುಡುಕಿದಾಗ ಸಿಕ್ಕಿದ್ದನ್ನು ನಿಮ್ಮೆಲ್ಲರೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಮಕ್ಕಳು ಹೈಸ್ಕೂಲಿನ ಸಮಾರಂಭದಲ್ಲಿ ತೊಡುವ ಗೌನು ಯುರೋಪಿನ ಮಧ್ಯಯುಗದ ವಿಶ್ವವಿದ್ಯಾಲಯಗಳ ನಿಲುವಂಗಿಯಿಂದ ಬಂದದ್ದು. ಅಮೆರಿಕದ ಕಾಲೇಜುಗಳು 1895ರಲ್ಲಿ ಒಟ್ಟು ಸೇರಿ ಅದರ ಬಣ್ಣ, ಹೊಲಿಗೆಗಳಿಗೆ ನಿಯಮ ಮಾಡಿಕೊಂಡವು. ಇಂದು ಹೈಸ್ಕೂಲುಗಳಲ್ಲೂ ಅದೇ ರೂಢಿ.

ನಮ್ಮಲ್ಲಿ ವಿಶ್ವವಿದ್ಯಾಲಯದ ಪದವಿ ಪ್ರದಾನಕ್ಕೆ ಘಟಿಕೋತ್ಸವ ಎನ್ನುತ್ತೇವೆ. ಘಟಿಕೆ ಎಂದರೆ ಹಿಂದಿನ ಕಾಲದ ಉನ್ನತ ವಿದ್ಯಾಕೇಂದ್ರ. ಪದವೀಧರನಿಗೆ ಸ್ನಾತಕ, ಅಂದರೆ ಮಿಂದವನು ಎಂಬ ಹೆಸರಿದೆ. ಗುರುಕುಲದಲ್ಲಿ ಓದು ಮುಗಿದಾಗ ಶಿಷ್ಯ ವಿಧಿಪೂರ್ವಕವಾಗಿ ಸ್ನಾನ ಮಾಡಿ, ಗುರುದಕ್ಷಿಣೆ ಕೊಟ್ಟು ಮನೆಗೆ ಹೊರಡುತ್ತಿದ್ದ. ಆ ವಿಧಿಗೆ ಸಮಾವರ್ತನ ಎಂದು ಹೆಸರು. ಹಾಗೆಂದರೆ ಹಿಂತಿರುಗುವುದು. ಅಂದಿನ ಶಿಷ್ಯ ಓದು ಮುಗಿಸಿ ಮನೆಗೆ ಬರುತ್ತಿದ್ದ. ನಮ್ಮ ಮಕ್ಕಳು ಓದು ಮುಗಿಸಿ ಮನೆಯಿಂದ ಹೊರಡುತ್ತಾರೆ.

ಘಟಿಕೆ ಎಂದೊಡನೆ ನಮ್ಮ ಶಿಕಾರಿಪುರದ ಬಳಿಯ ತಾಳಗುಂದ ನೆನಪಾಯಿತು. ಶಾಲೆಯ ಪ್ರವಾಸದಲ್ಲಿ ಅಲ್ಲಿನ ಪ್ರಣವೇಶ್ವರ ದೇವಾಲಯದ ಮುಂದಿನ ಶಾಸನಸ್ತಂಭವನ್ನು ನೋಡಿದ್ದೆ. ಅದು ಹೇಳುವ ಕಥೆ ಒಬ್ಬ ವಿದ್ಯಾರ್ಥಿಯದು. ಮಯೂರಶರ್ಮ ತನ್ನ ಅಜ್ಜ ವೀರಶರ್ಮನೊಂದಿಗೆ ಕಂಚಿಯ ಘಟಿಕೆಗೆ ಓದಲು ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಯಿತು. ಅವಮಾನ ತಾಳದೆ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. 4ನೇ ಶತಮಾನದಲ್ಲಿ ಕದಂಬ ರಾಜ್ಯ ಹುಟ್ಟಿದ್ದು ಹೀಗೆ. ಅಜ್ಜ ಕರೆದುಕೊಂಡು ಹೋದ ದಾರಿ ಒಂದು, ಮೊಮ್ಮಗ ಹಿಡಿದ ದಾರಿ ಇನ್ನೊಂದು. ಆದರೂ ಅವನು ತನ್ನ ನೆಲಕ್ಕೇ ಮರಳಿದ. ತಾಳಗುಂದದ ಶಾಸನ ಸಂಸ್ಕೃತದಲ್ಲಿದೆ. ಅದೇ ಕದಂಬರ ಕಾಲದಲ್ಲಿ, ಸುಮಾರು 450ರಲ್ಲಿ, ಹಲ್ಮಿಡಿಯ ಕಲ್ಲಿನ ಮೇಲೆ ಕನ್ನಡ ಮೂಡಿತು.

ಈಗ ನನ್ನ ಮನೆಯ ಮಾತು. ಹಿರಿಯ ಮಗಳು ಹತ್ತನೇ ತರಗತಿಯಲ್ಲಿದ್ದಾಗ ಪರೀಕ್ಷೆಗಳ ಒತ್ತಡವೆಂದು ಅವಳನ್ನು ಈ ಶಾಲೆಯಿಂದ ಬಿಡಿಸಿದೆ. "ಕನ್ನಡ ಆಮೇಲೆ ಕಲಿತರಾಯಿತು" ಎಂದವಳು ನಾನೇ. ಕಳೆದ ವರ್ಷ ನನ್ನ ತಂದೆ ಹಾಸಿಗೆ ಹಿಡಿದಾಗ ಅವಳು ನನ್ನೊಂದಿಗೆ ಊರಿಗೆ ಬಂದಳು. ಅಜ್ಜ ಗಂಟೆಗಟ್ಟಲೆ ಮಾತಾಡಿದರು. ಅವಳಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಆದರೆ "ಹೂಂ ಅಜ್ಜ" ಎನ್ನುವುದರಾಚೆ ಮಾತು ಬರಲಿಲ್ಲ. ಹೊರಡುವ ದಿನ ಅವರ ಕೈ ಹಿಡಿದು ಸುಮ್ಮನೆ ಕುಳಿತಿದ್ದಳು. ಅದೇ ಅವರ ಕೊನೆಯ ಭೇಟಿ.

ಈಗ ಅವಳು ಕಾಲೇಜಿಗೆ ತಮ್ಮನ ಹಳೆಯ ಕನ್ನಡ ಪುಸ್ತಕಗಳನ್ನು ತರಿಸಿಕೊಂಡು ಓದುತ್ತಿದ್ದಾಳೆ. ದಾರಿ ಮುಚ್ಚಿಲ್ಲ. ಆದರೆ ನಾನು ಅದನ್ನು ಅವಳಿಗೆ ದೂರ ಮಾಡಿದ್ದೆ.

ಪೋಷಕರೇ, ಮಕ್ಕಳು ಎಂಜಿನಿಯರ್ ಆಗಲಿ, ಸಂಗೀತಗಾರರಾಗಲಿ, ಆ ದಾರಿ ಅವರದು. ಮರಳಿ ಬರಲು ಒಂದು ದಾರಿ ಉಳಿಸಿಕೊಡುವುದಷ್ಟೇ ನಮ್ಮ ಕೆಲಸ. ವಾರಕ್ಕೊಮ್ಮೆ ಅಜ್ಜ ಅಜ್ಜಿಯ ಜೊತೆ ಫೋನಿನಲ್ಲಿ ಅವರೇ ಮಾತಾಡಲಿ. ತಪ್ಪು ಕನ್ನಡವಾದರೂ ನಾವು ನಡುವೆ ಬಾಯಿ ಹಾಕದಿರೋಣ. ಶಿಕ್ಷಕರೇ, ನಿಮ್ಮ ಭಾನುವಾರಗಳ ಋಣ ದೊಡ್ಡದು.

ಮಗನಿಗೆ ಕೊನೆಗೂ ಉತ್ತರ ಹೇಳಿದೆ. ಕನ್ನಡದಲ್ಲಿ ಮನೆಯಿಂದ ಹೊರಡುವವರು "ಹೋಗುತ್ತೇನೆ" ಎನ್ನುವುದಿಲ್ಲ, "ಹೋಗಿ ಬರುತ್ತೇನೆ" ಎನ್ನುತ್ತಾರೆ. ಸಮಾವರ್ತನ ನಮ್ಮ ದಿನನಿತ್ಯದ ಮಾತಿನಲ್ಲೇ ಇದೆ.

ಮಕ್ಕಳೇ, ಹೋಗಿ ಬನ್ನಿ.